ಅದತ್ತಾದಾನವೂ ತಟಸ್ಥರ ಹಡಗುಗಳೂ

ಶ್ರಾವಕನ ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಅದನ್ನು ನಿರೂಪಿಸುವಾಗ ಜೈನಾಚಾರ್ಯರು ಕದಿಯುವವನ ಕಡೆಯಿಂದ ಮಾತನ್ನು ಆರಂಭಿಸಲಿಲ್ಲ, ಕೊಡುವವನ ಕಡೆಯಿಂದ ಆರಂಭಿಸಿದರು. ಅದತ್ತಾದಾನವೆಂಬ ಶಾಸ್ತ್ರೀಯ ಹೆಸರಿನಲ್ಲಿಯೇ ಈ ವಿಶೇಷವಿದೆ. ದತ್ತವಾಗದಿದ್ದುದರ ಆದಾನ ಅದು. ರಾತ್ರಿ ಕನ್ನ ಕೊರೆದು ಒಯ್ದರೋ, ಹಾಡುಹಗಲಿನಲ್ಲಿ ಕಾಗದ ತೋರಿಸಿ ಒಯ್ದರೋ ಎಂಬುದು ಅನಂತರದ ವಿಚಾರ. ಒಡೆಯನು ಕೊಟ್ಟನೋ ಇಲ್ಲವೋ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ವ್ಯಾಪಾರದಲ್ಲಿ ಇರುವವರಿಗೆ ಇದು ಸುಲಭವಾದ ಪ್ರಶ್ನೆಯೆಂದು ತೋರುತ್ತದೆ. ಬೆಲೆ ಕೊಟ್ಟು ತಂದರೆ ಖರೀದಿ, ಕೊಡದೆ ತಂದರೆ ಕಳವು; ಕಿರ್ದಿಯಲ್ಲಿ ಮೂರನೆಯ ಬಾಬತ್ತಿಗೆ ಸ್ಥಳವಿಲ್ಲ. ಆದರೆ ಲೋಕವ್ಯವಹಾರದಲ್ಲಿ ಮೂರನೆಯದೂ ಒಂದಿದೆ. ಬಲಿಷ್ಠನೊಬ್ಬನು ಬಂದು, ಒಡೆಯನು ಬೇಡವೆನ್ನಲಾಗದ ಸ್ಥಿತಿಯಲ್ಲಿ ವಸ್ತುವನ್ನು ಎತ್ತಿಕೊಂಡು, ಬೆಲೆಯನ್ನು ಕೈಯಲ್ಲಿಟ್ಟು ಹೋಗುತ್ತಾನೆ. ಒಡೆಯನ ಕೈಯಲ್ಲಿ ಹಣವಿದೆ, ಪಾವತಿಯೂ ಇದೆ. ಅವನು ಕೊಟ್ಟನೇ? ಕೊಟ್ಟನೆನ್ನಲು ಮನಸ್ಸು ಒಪ್ಪುವುದಿಲ್ಲ, ಕಳವಾಯಿತೆನ್ನಲು ನಾಲಗೆ ಏಳುವುದಿಲ್ಲ. ಇಂಥ ಸಂದರ್ಭಗಳು ರಾಜ್ಯಗಳಿಗೆ ಮಾತ್ರವಲ್ಲ, ಮನೆತನಗಳಿಗೂ ಬಸದಿಯ ಟ್ರಸ್ಟುಗಳಿಗೂ ಬರುತ್ತವೆ.

ಯುದ್ಧಕಾಲದಲ್ಲಿ ದೊಡ್ಡ ರಾಷ್ಟ್ರಗಳು ತಟಸ್ಥ ರಾಷ್ಟ್ರಗಳ ವ್ಯಾಪಾರಿ ಹಡಗುಗಳನ್ನು ವಶಪಡಿಸಿಕೊಂಡ ಇತಿಹಾಸದಲ್ಲಿ ಈ ಪ್ರಶ್ನೆ ಬೇರೆಲ್ಲಿಗಿಂತ ಸ್ಪಷ್ಟವಾಗಿ ಎದುರಾಗುತ್ತದೆ. ಏಕೆಂದರೆ ಅಲ್ಲಿ ತೆಗೆದುಕೊಂಡವರು ಕಳ್ಳರೆನಿಸಿಕೊಳ್ಳಲು ಸಿದ್ಧರಿರಲಿಲ್ಲ. ಕಳೆದುಕೊಂಡವರು ಕೊಟ್ಟವರೆನಿಸಿಕೊಳ್ಳಲು ಸಿದ್ಧರಿರಲಿಲ್ಲ. ಉಭಯತರೂ ತಾರೀಖು ಹಾಕಿ ಪತ್ರಗಳನ್ನು ಬರೆದರು. ರಾಮದುರ್ಗದ ಓದುಗನಿಗೆ ಸಮುದ್ರದ ಮಾತು ದೂರದ್ದೆನಿಸಬಹುದು. ಇಲ್ಲಿಯ ಮಲಪ್ರಭೆಯೇ ಪಡುವಣ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿಯುತ್ತಾಳೆ. ಆದರೂ ಈ ಸೀಮೆಯ ವ್ಯಾಪಾರಿಗಳಿಗೆ ಕಡಲಿನ ಜಗಳ ಅಪರಿಚಿತವೇನಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಬಂದರುಗಳು ಮುಚ್ಚಿದಾಗ ಧಾರವಾಡ ಸೀಮೆಯ ಅರಳೆಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆ ಅರಳೆಯನ್ನು ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸುವ ಯೋಜನೆ ಎದ್ದಿತು. ಯುದ್ಧ ಮುಗಿಯಿತು, ಬೆಲೆ ಬಿದ್ದಿತು, ಅನೇಕ ಅಂಗಡಿಗಳೂ ಬಿದ್ದವು. ಬೇರೆಯವರ ಯುದ್ಧದಿಂದ ಬಂದ ಲಾಭ ಎಷ್ಟು ದಿನದ್ದೆಂಬುದನ್ನು ಈ ನಾಡು ಆಗಲೇ ಕಂಡಿತ್ತು.

ಯುದ್ಧನಿರತ ರಾಷ್ಟ್ರವೊಂದು ತನ್ನ ಬಂದರಿನಲ್ಲಿ ಸಿಕ್ಕ ತಟಸ್ಥ ಹಡಗನ್ನು ತನ್ನ ಅಗತ್ಯಕ್ಕೆ ಬಲವಂತವಾಗಿ ಬಳಸಿಕೊಳ್ಳುವ ಹಕ್ಕಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ 'ಆಂಗರಿ' ಎಂಬ ಹೆಸರಿದೆ. ಪದದ ಮೂಲ ವಿಚಿತ್ರವಾಗಿದೆ. ಪ್ರಾಚೀನ ಪಾರಸಿಕ ದೊರೆಗಳ ಕುದುರೆಯ ಅಂಚೆಯವರಿಗೆ ಸಂಬಂಧಿಸಿದ ಮಾತು ಗ್ರೀಕ್ ಭಾಷೆಗೆ ಹೋಗಿ, ಅಲ್ಲಿಂದ ರೋಮನರಿಗೆ ಬಂದು, ಪ್ರಜೆಗಳ ಮೇಲೆ ಹೇರುವ ಸಾಗಾಟದ ಕಡ್ಡಾಯ ಸೇವೆ ಎಂಬ ಅರ್ಥವನ್ನು ಪಡೆಯಿತು. ಎಂದರೆ ಅದು ನಮ್ಮ ಕಡೆಯ ಬಿಟ್ಟಿಯೇ. 1948ರಲ್ಲಿ ವಿಲೀನವಾಗುವವರೆಗೂ ರಾಮದುರ್ಗ ಸಂಸ್ಥಾನವಾಗಿತ್ತು. ಇಂಥ ಸಂಸ್ಥಾನಗಳ ಸೀಮೆಯಲ್ಲಿ ಬಿಟ್ಟಿ, ಬೇಗಾರಿ ಎಂಬ ಮಾತುಗಳ ಅರ್ಥವನ್ನು ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಹೇಬರ ಡೇರೆ ಬಂದಿತೆಂದರೆ ಬಂಡಿ ಕಟ್ಟಬೇಕು, ಎತ್ತು ಹೂಡಬೇಕು. ಹೊಲದ ಕೆಲಸ ನಿಂತರೆ ನಿಲ್ಲಲಿ. ಹಳೆಯ ಆಂಗರಿಯಲ್ಲಿ ಹಡಗಿನೊಡನೆ ಖಲಾಸಿಗಳನ್ನೂ ದುಡಿಸಿಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಜನರನ್ನು ಬಿಟ್ಟು ಹಡಗನ್ನು ಮಾತ್ರ ತೆಗೆದುಕೊಳ್ಳಬೇಕು, ಪರಿಹಾರ ಕೊಡಲೇಬೇಕು ಎಂಬ ಪದ್ಧತಿ ಬಂದಿತು. 1870ರ ಡಿಸೆಂಬರಿನಲ್ಲಿ ಪ್ರಷ್ಯದ ಸೈನ್ಯವು ಫ್ರಾನ್ಸಿನ ಸೇನ್ ನದಿಯನ್ನು ಅಡ್ಡಗಟ್ಟುವುದಕ್ಕಾಗಿ ಬ್ರಿಟಿಷರ ಆರು ಕಲ್ಲಿದ್ದಲು ಹಡಗುಗಳನ್ನು ಹಿಡಿದು ಅಲ್ಲಿಯೇ ಮುಳುಗಿಸಿತು. ಬ್ರಿಟನ್ ಆ ಯುದ್ಧದಲ್ಲಿ ತಟಸ್ಥವಾಗಿತ್ತು. ಬಿಸ್ಮಾರ್ಕನು ಅಗತ್ಯವನ್ನು ಮುಂದೆ ಮಾಡಿದನು, ಪರಿಹಾರಕ್ಕೆ ಒಪ್ಪಿದನು. ಅಲ್ಲಿಗೆ ಮುಗಿಯಿತು.

ಮೊದಲನೆಯ ಮಹಾಯುದ್ಧದಲ್ಲಿ ಹಾಲೆಂಡಿನ ಹಡಗುಗಳ ಪ್ರಕರಣ ಅಷ್ಟು ಬೇಗ ಮುಗಿಯುವಂಥದಾಗಿರಲಿಲ್ಲ. ಹಾಲೆಂಡ್ ತಟಸ್ಥವಾಗಿತ್ತು. ಅದರ ಒಂದು ಗಡಿಗೆ ಜರ್ಮನಿ, ಇನ್ನೊಂದು ಗಡಿಗೆ ಜರ್ಮನಿಯ ವಶದಲ್ಲಿದ್ದ ಬೆಲ್ಜಿಯಂ, ಎದುರಿನ ಸಮುದ್ರದಲ್ಲಿ ಬ್ರಿಟನ್ನಿನ ನೌಕಾಬಲ. 1917ರ ಫೆಬ್ರುವರಿಯಿಂದ ಜರ್ಮನಿಯ ಜಲಾಂತರ್ಗಾಮಿಗಳು ಯಾವ ದೇಶದ ಹಡಗೆಂದು ನೋಡದೆ ಮುಳುಗಿಸತೊಡಗಿದವು. ಅದೇ ತಿಂಗಳ 22ರಂದು ಇಂಗ್ಲೆಂಡಿನಿಂದ ಹೊರಟ ಏಳು ಡಚ್ ಹಡಗುಗಳ ಮೇಲೆ ದಾಳಿ ನಡೆದು ಅವುಗಳಲ್ಲಿ ಹೆಚ್ಚಿನವು ಸಮುದ್ರದ ಪಾಲಾದವು. ಏಪ್ರಿಲಿನಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯಿತು. ಅನಂತರ ರಫ್ತಿಗೆ ಪರವಾನಿಗೆ ಬೇಕೆಂಬ ನಿಯಮ ಬಂದುದರಿಂದ ಅಮೆರಿಕದ ಬಂದರುಗಳಲ್ಲಿದ್ದ ಡಚ್ ಹಡಗುಗಳು ಹೊಟ್ಟೆಯಲ್ಲಿ ಧಾನ್ಯ ತುಂಬಿಕೊಂಡು ತಿಂಗಳುಗಟ್ಟಲೆ ನಿಂತವು. ಮಿತ್ರರಾಷ್ಟ್ರಗಳಿಗೆ ಹಡಗುಗಳ ಅಭಾವ; ಹಾಲೆಂಡಿಗೆ ಅನ್ನದ ಅಭಾವ. ಒಬ್ಬರಲ್ಲಿದ್ದುದು ಇನ್ನೊಬ್ಬರಿಗೆ ಬೇಕಾಗಿತ್ತು. ಮಾರುಕಟ್ಟೆಯ ಭಾಷೆಯಲ್ಲಿ ಇದಕ್ಕಿಂತ ಸುಲಭವಾದ ಸೌದೆ ಇಲ್ಲ.

ಆದರೆ ಸೌದೆ ಕುದುರಲಿಲ್ಲ. 1918ರ ಜನವರಿಯಲ್ಲಿ ಒಂದು ತಾತ್ಕಾಲಿಕ ಏರ್ಪಾಡಾಯಿತು. ಜರ್ಮನಿಯ ಬೆದರಿಕೆಯಿಂದ ಹಾಲೆಂಡ್ ಅದನ್ನು ಪೂರ್ಣವಾಗಿ ನಡೆಸಲಾರದೆ ಹೋಯಿತು. ಮಾರ್ಚಿನಲ್ಲಿ ಮಿತ್ರರಾಷ್ಟ್ರಗಳು ಕೆಲವೇ ದಿನಗಳ ಗಡುವು ಕೊಟ್ಟವು. ಹಡಗುಗಳನ್ನು ಯುದ್ಧದ ಅಪಾಯವಿರುವ ಸಮುದ್ರದಲ್ಲಿಯೂ ನಡೆಸಲು ಒಪ್ಪಬೇಕು. ಒಪ್ಪಿದರೆ ಬಾಡಿಗೆ, ವಿಮೆ, 1 ಲಕ್ಷ ಟನ್ ಧಾನ್ಯ. ಡಚ್ ಸರಕಾರದ ಉತ್ತರ ಮಾರ್ಚ್ 18ರ ಹೊತ್ತಿಗೆ ಬಂದಿತು. ವಿದೇಶಾಂಗ ಮಂತ್ರಿ ಲೌಡನ್ನರ ಆ ಉತ್ತರ ಪೂರ್ಣ ನಿರಾಕರಣೆಯಾಗಿರಲಿಲ್ಲ. ಹಡಗುಗಳು ಹೋಗಬಹುದು, ಆದರೆ ಅವುಗಳಲ್ಲಿ ಸೈನಿಕರನ್ನಾಗಲಿ ಯುದ್ಧಸಾಮಗ್ರಿಯನ್ನಾಗಲಿ ಸಾಗಿಸಕೂಡದು ಎಂಬ ಷರತ್ತು ಅದರಲ್ಲಿತ್ತು. ಆ ಷರತ್ತನ್ನು ಮಿತ್ರರಾಷ್ಟ್ರಗಳು ಒಪ್ಪಲಿಲ್ಲ. ಮಾರ್ಚ್ 20ರಂದು ಅಧ್ಯಕ್ಷ ವಿಲ್ಸನ್ ಘೋಷಣೆ ಹೊರಡಿಸಿ ಅಮೆರಿಕದ ಬಂದರುಗಳಲ್ಲಿದ್ದ 87 ಡಚ್ ಹಡಗುಗಳನ್ನು, ಸುಮಾರು 5 ಲಕ್ಷ ಟನ್ನಿನಷ್ಟನ್ನು, ವಶಪಡಿಸಿಕೊಂಡರು. ಬ್ರಿಟನ್ನೂ ತನ್ನ ಬಂದರುಗಳಲ್ಲಿ ಹಾಗೆಯೇ ಮಾಡಿತು. ಬಾಡಿಗೆ ಕೊಡುವುದಾಗಿಯೂ, ಯುದ್ಧಾನಂತರ ಹಡಗುಗಳನ್ನು ಹಿಂದಿರುಗಿಸುವುದಾಗಿಯೂ, ಮುಳುಗಿದ್ದರೆ ಪ್ರತಿಯಾಗಿ ಕೊಡುವುದಾಗಿಯೂ ಮಾತು ಕೊಡಲಾಯಿತು.

ಗಮನಿಸಬೇಕಾದದ್ದು ಇಲ್ಲಿದೆ. ಡಚ್ಚರಿಗೆ ಹಡಗು ಹೋದ ದುಃಖಕ್ಕಿಂತ, ತಾವು ಕೊಟ್ಟೆವೆಂದು ಯಾರಾದರೂ ತಿಳಿದಾರೆಂಬ ಆತಂಕ ಹೆಚ್ಚಾಗಿತ್ತು. ಪ್ರಬಲರಿಬ್ಬರು ಸೇರಿ ಒಂದು ಸಣ್ಣ ರಾಷ್ಟ್ರದ ಸೊತ್ತನ್ನು ಬಲದಿಂದ ತೆಗೆದುಕೊಂಡರೆಂದು ಅವರ ಸರಕಾರ ಬಹಿರಂಗವಾಗಿ ಪ್ರತಿಭಟಿಸಿತು. ಅಮೆರಿಕದ ಮಂತ್ರಿ ಲ್ಯಾನ್ಸಿಂಗ್ ಏಪ್ರಿಲಿನಲ್ಲಿ ಉತ್ತರವಿತ್ತು ಹಕ್ಕನ್ನು ಸಮರ್ಥಿಸಿದರು. ಹಡಗುಗಳು ಹೇಗೂ ಹೋಗುವುದು ಖಚಿತವಾಗಿದ್ದಾಗ ಷರತ್ತನ್ನು ಬಿಟ್ಟು ಸಹಿ ಹಾಕಿದ್ದರೆ ಹಾಲೆಂಡಿಗೆ ಬಾಡಿಗೆಯೂ ಧಾನ್ಯವೂ ಹೆಚ್ಚು ಸುಗಮವಾಗಿ ಸಿಗುತ್ತಿದ್ದವು. ಸಹಿ ಹಾಕಲಿಲ್ಲ. ಲಾಭನಷ್ಟದ ತಕ್ಕಡಿಯಲ್ಲಿ ತೂಗಿದರೆ ಇದು ಹಟವೆನಿಸುತ್ತದೆ. ಜರ್ಮನಿಯ ಭಯ ಇದಕ್ಕೆ ದೊಡ್ಡ ಕಾರಣವೆಂಬುದು ನಿಜ. ಒಪ್ಪಿಗೆಯಿಂದ ಕೊಟ್ಟರೆ ತಟಸ್ಥತೆ ಮುರಿದಂತಾಗಿ ಜರ್ಮನ್ ಸೇನೆ ಗಡಿ ದಾಟಬಹುದಾಗಿತ್ತು. ಆದರೆ ಭಯವು ಕಾರಣವಾದರೂ ಅವರು ಹಿಡಿದ ಭೇದ ಸತ್ಯವಾದ ಭೇದವೇ ಆಗಿತ್ತು.

ಜೈನಶಾಸ್ತ್ರದ ಓದುಗರಿಗೆ ಆ ಭೇದ ಚಿರಪರಿಚಿತ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಮನಸ್ಸು, ಮಾತು, ಶರೀರಗಳೊಡನೆ ಗುಣಿಸಿದರೆ ಒಂಬತ್ತು. ಹಡಗಿನ ಒಡೆಯನು ತಾನೇ ಸೈನಿಕರನ್ನು ಯುದ್ಧಭೂಮಿಗೆ ಒಯ್ದರೆ ಕೃತ. ಹಡಗನ್ನು ಆ ಕೆಲಸಕ್ಕೆಂದು ತಿಳಿದೂ ಬಾಡಿಗೆಗೆ ಕೊಟ್ಟರೆ ಕಾರಿತ. ಒಯ್ದವರನ್ನು ಮೆಚ್ಚಿದರೆ ಅನುಮೋದನೆ. ಬಲದಿಂದ ಒಯ್ದಾಗ, ಬೇಡವೆಂದು ಮೊದಲೇ ತಿಳಿಸಿ, ಒಯ್ದ ಮೇಲೂ ಬೇಡವಾಗಿತ್ತೆಂದು ತಿಳಿಸಿದರೆ, ಆ ಮೂರರಲ್ಲಿ ಯಾವುದೂ ಅವನನ್ನು ತಾಗುವುದಿಲ್ಲ. ಸೊತ್ತು ಹೋದ ಮೇಲೂ ಅವನಲ್ಲಿ ಒಂದು ಉಳಿದಿರುತ್ತದೆ. ತಾನು ಕೊಟ್ಟಿಲ್ಲವೆಂಬುದು ಅದು. ತೆಗೆದುಕೊಂಡವನು ಅದನ್ನೂ ಬೇಡುತ್ತಾನೆ. ವಸ್ತುವಿನೊಡನೆ ಒಪ್ಪಿಗೆಯನ್ನೂ ಪಡೆದರೆ ಅವನ ಮನಸ್ಸಿಗೆ ನೆಮ್ಮದಿ. ಬೆಲೆಯ ಹೆಸರಿನಲ್ಲಿ ಅವನು ಕೊಡುವ ಹಣದಲ್ಲಿ ಒಂದು ಪಾಲು ವಸ್ತುವಿಗೆ, ಇನ್ನೊಂದು ಪಾಲು ಈ ನೆಮ್ಮದಿಗೆ.

ಮಿತ್ರರಾಷ್ಟ್ರಗಳ ವಾದವನ್ನೂ ಕೇಳಬೇಕು. ಅನೇಕಾಂತವನ್ನು ಸಭೆಗಳಲ್ಲಿ ಎಲ್ಲರೂ ಸರಿಯೆಂಬ ಅರ್ಥದಲ್ಲಿ ಬಳಸುವ ಅಭ್ಯಾಸ ಬೆಳೆದಿದೆ. ಅದು ಅನೇಕಾಂತವಲ್ಲ, ಸಂಕೋಚ. ಎದುರಾಳಿಯ ಮಾತಿನಲ್ಲಿ ಯಾವ ಅಪೇಕ್ಷೆಯಿಂದ ಎಷ್ಟು ಸತ್ಯವಿದೆಯೆಂದು ಅಳೆಯುವುದು ಅನೇಕಾಂತ. ಅವರ ವಾದವಿಷ್ಟು. ಜಗತ್ತಿನಲ್ಲಿ ಹಡಗುಗಳಿಲ್ಲದೆ ಜನ ಹಸಿದಿದ್ದಾರೆ. 87 ಹಡಗುಗಳು ಲಂಗರು ಹಾಕಿ ಸುಮ್ಮನೆ ನಿಂತಿವೆ. ಡಚ್ ವ್ಯಾಪಾರಿಗಳು ಯುದ್ಧದ ಮೊದಲ ವರ್ಷಗಳಲ್ಲಿ ಎರಡೂ ಕಡೆಗೆ ಮಾರಿ ಹಣ ಮಾಡಿದ್ದಾರೆ, ಅವರ ದೇಶದ ಆಹಾರ ಪದಾರ್ಥಗಳು ಜರ್ಮನಿಗೂ ಹೋಗಿವೆ. ಈಗ ಧರ್ಮದ ಮಾತು ಎಲ್ಲಿಂದ ಬಂದಿತು?

ಈ ಮಾತಿನಲ್ಲಿ ಹುರುಳಿದೆ. ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದಿದೆ. ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಇವುಗಳ ಸಾಲಿನಲ್ಲಿಯೇ ಅದನ್ನು ಎಣಿಸಿದ್ದಾರೆ. ರಾಜ್ಯಗಳು ಪರಸ್ಪರ ವಿರೋಧದಲ್ಲಿರುವಾಗ ಉಚಿತವಾದ ಮಾರ್ಗವನ್ನು ಬಿಟ್ಟು ಕೊಡುಕೊಳ್ಳುವಿಕೆ ಮಾಡುವುದು, ಬೆಲೆಬಾಳುವ ಪದಾರ್ಥ ಅಲ್ಪ ಬೆಲೆಗೆ ಸಿಕ್ಕೀತೆಂದು ಹೊಂಚುವುದು ಎಂದು ಪೂಜ್ಯಪಾದರು ತಮ್ಮ ವ್ಯಾಖ್ಯಾನದಲ್ಲಿ ಇದನ್ನು ವಿವರಿಸಿದ ಬಗೆ ಗಮನಾರ್ಹ. ಯುದ್ಧದ ಗೊಂದಲದಲ್ಲಿ ವ್ಯಾಪಾರಿಯ ಕೈ ಉದ್ದವಾಗುತ್ತದೆಂಬುದನ್ನು ಅವರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ತಟಸ್ಥನಾದ ಮಾತ್ರಕ್ಕೆ ಮಧ್ಯಸ್ಥನಾಗುವುದಿಲ್ಲ. ಮಾಧ್ಯಸ್ಥ್ಯವು ರಾಗದ್ವೇಷಗಳನ್ನು ಬಿಟ್ಟವನ ಭಾವನೆ. ಇಬ್ಬರಿಗೂ ಮಾರಾಟ ಮಾಡುವವನ ಸೌಕರ್ಯವಲ್ಲ.

ಆದರೆ ಈ ವಾದದಿಂದ ವಶಪಡಿಸಿಕೊಳ್ಳುವ ಹಕ್ಕು ಹುಟ್ಟುವುದಿಲ್ಲ. ವಸ್ತುವನ್ನು ಸುಮ್ಮನೆ ಇಟ್ಟುಕೊಂಡವನು ಪರಿಗ್ರಹದೋಷಕ್ಕೆ ಗುರಿಯಾಗಬಹುದು. ಆ ದೋಷದ ಪರಿಹಾರ ಅವನ ವ್ರತದಿಂದ, ಅವನಿಂದಲೇ ಆಗಬೇಕು. ಒಬ್ಬನ ಉಪವಾಸವನ್ನು ಇನ್ನೊಬ್ಬನು ಅವನ ತಟ್ಟೆಯನ್ನು ಎಳೆದು ಮಾಡಿಸಲಾಗದು; ಹಾಗೆ ಎಳೆದರೆ ಅದು ಉಪವಾಸವಲ್ಲ, ಹಸಿವು. ಒಬ್ಬನ ಅಪರಿಗ್ರಹವನ್ನೂ ಇನ್ನೊಬ್ಬನು ಸಾಧಿಸಿಕೊಡಲಾರ. ಹಡಗುಗಳು ಸುಮ್ಮನೆ ನಿಂತಿದ್ದುದಕ್ಕೆ ಕಾರಣವೂ ಅರ್ಧದಷ್ಟು ಪರವಾನಿಗೆ ತಡೆದವರದೇ ಆಗಿತ್ತೆಂಬುದನ್ನು ಮರೆಯಬಾರದು. ಅಂಗಡಿಯ ಬಾಗಿಲಿಗೆ ತಾವೇ ಬೀಗ ಹಾಕಿ, ವ್ಯಾಪಾರ ಮಾಡದವನಿಗೆ ಅಂಗಡಿ ಏತಕ್ಕೆಂದು ಕೇಳಿದಂತೆ ಅದು.

ಇಷ್ಟಾದರೂ ಮುನ್ಸೂಚನೆಯಿಲ್ಲದೆ ಮುಳುಗಿಸಿದವನಿಗೂ, ಪತ್ರ ಬರೆದು ವಶಪಡಿಸಿಕೊಂಡು ಬಾಡಿಗೆ ಕಟ್ಟಿದವನಿಗೂ ಅಂತರವಿಲ್ಲವೆನ್ನುವುದು ಅನ್ಯಾಯ. ಜಲಾಂತರ್ಗಾಮಿಯು ಖಲಾಸಿಗಳ ಪ್ರಾಣವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಮೆರಿಕವು ಖಲಾಸಿಗಳಿಗೆ ಊರಿಗೆ ಮರಳುವ ಏರ್ಪಾಡು ಮಾಡಿಕೊಟ್ಟಿತು. ಅದತ್ತಾದಾನಕ್ಕೆ ಪ್ರಾಣಹಾನಿ ಸೇರದಿರುವುದು ಸಣ್ಣ ಸಂಗತಿಯಲ್ಲ. ಆದರೆ ಬೆಲೆಯಲ್ಲಿ ಸೇರದ ಇನ್ನೊಂದು ಹಾನಿ ಹಾಲೆಂಡಿಗೆ ತಟ್ಟಿತು. ಅವರಿಗೆ ಹಡಗು ಹೋದ ಮೇಲೆ ತನಗೂ ಸೌಲಭ್ಯ ಬೇಕೆಂದು ಜರ್ಮನಿ ಏಪ್ರಿಲಿನಲ್ಲಿ ಕೇಳಿತು. ಹಾಲೆಂಡಿನ ನೆಲದ ಮೂಲಕ ಬೆಲ್ಜಿಯಮ್ಮಿಗೆ ಮರಳು, ಜಲ್ಲಿಕಲ್ಲು ಸಾಗಿಸಲು ದಾರಿ ಬೇಕೆಂಬುದು ಅದರ ಬೇಡಿಕೆ. ಮರಳೆಂದರೆ ಕಾಂಕ್ರೀಟು, ಕಾಂಕ್ರೀಟೆಂದರೆ ಕಂದಕಗಳ ಕೋಟೆ. ಡಚ್ ಸೈನಿಕರ ರಜೆಗಳು ರದ್ದಾದವು, ಯುದ್ಧ ಹೊಸ್ತಿಲಿಗೆ ಬಂದಿತು. ಮೇ ತಿಂಗಳ ಆರಂಭದಲ್ಲಿ ಕೆಲವು ಕಟ್ಟುಪಾಡುಗಳೊಡನೆ ಒಪ್ಪಿಕೊಂಡು ಹಾಲೆಂಡ್ ಪಾರಾಯಿತು. ಹಡಗಿನ ಬಾಡಿಗೆಯನ್ನು ಲೆಕ್ಕ ಹಾಕಿದ ಯಾವ ಅಧಿಕಾರಿಯೂ ಈ ತಿಂಗಳಿನ ನಿದ್ರೆಯಿಲ್ಲದ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬೆಲೆಯನ್ನು ಯಾರು ನಿಶ್ಚಯಿಸಬೇಕು? ನಾರ್ವೆಯ ಪ್ರಕರಣ ಈ ಪ್ರಶ್ನೆಗೆ ಸಂಬಂಧಿಸಿದ್ದು. ನಾರ್ವೆಯ ಹಡಗು ವ್ಯಾಪಾರಿಗಳು ಅಮೆರಿಕದ ಕಾರಖಾನೆಗಳಲ್ಲಿ ಹಡಗುಗಳನ್ನು ಕಟ್ಟಿಸಲು ಕರಾರು ಮಾಡಿ ಮುಂಗಡ ಕೊಟ್ಟಿದ್ದರು. 1917ರ ಆಗಸ್ಟ್ 3ರಂದು ಅಮೆರಿಕವು ಕಟ್ಟುತ್ತಿದ್ದ ದೊಡ್ಡ ಹಡಗುಗಳನ್ನೆಲ್ಲ ವಶಪಡಿಸಿಕೊಂಡಿತು. ಹಡಗುಗಳು ಇನ್ನೂ ಪೂರ್ತಿಯಾಗಿರಲಿಲ್ಲ. ಹಾಗಾದರೆ ನಾರ್ವೆಯವರ ಸೊತ್ತು ಯಾವುದು? ಕೊಟ್ಟ ಮುಂಗಡವೇ, ಕರಾರೇ, ಮುಂದೆ ಬರಬಹುದಾಗಿದ್ದ ಹಡಗೇ? ತೆಗೆದುಕೊಂಡವರ ಲೆಕ್ಕ ಒಂದು, ಕಳೆದುಕೊಂಡವರ ಲೆಕ್ಕ ಇನ್ನೊಂದು. ಕೊನೆಗೆ 15 ತಕರಾರುಗಳು ಹೇಗ್ ನಗರದ ಮಧ್ಯಸ್ಥಿಕೆಯ ನ್ಯಾಯಮಂಡಳಿಯ ಮುಂದೆ ಬಂದವು. 1922ರ ಅಕ್ಟೋಬರ್ 13ರಂದು ತೀರ್ಪಾಯಿತು. ಕರಾರೂ ಸೊತ್ತೇ, ಅದನ್ನು ತೆಗೆದುಕೊಂಡರೆ ನ್ಯಾಯವಾದ ಪರಿಹಾರ ಸಲ್ಲಬೇಕು ಎಂದು ಮಂಡಳಿ ಸುಮಾರು 1 ಕೋಟಿ 20 ಲಕ್ಷ ಡಾಲರುಗಳನ್ನು ವಿಧಿಸಿತು. ಅಮೆರಿಕವು ಅಸಮಾಧಾನದಿಂದಲೇ, ಇದನ್ನು ಮುಂದಿನ ಪ್ರಕರಣಗಳಿಗೆ ಪೂರ್ವನಿದರ್ಶನವೆಂದು ಒಪ್ಪುವುದಿಲ್ಲವೆಂದು ತಿಳಿಸಿ, ಹಣವನ್ನು ಪಾವತಿ ಮಾಡಿತು. ಗೊಣಗಿಕೊಂಡಾದರೂ ಕೊಟ್ಟಿತೆಂಬುದಕ್ಕೆ ಮೆಚ್ಚಬೇಕು. ತೆಗೆದುಕೊಂಡವನೇ ಬೆಲೆ ಕಟ್ಟಿದರೆ ಅದು ತಕ್ಕಡಿಯ ಎರಡೂ ತಟ್ಟೆಗಳನ್ನು ಒಬ್ಬನೇ ಹಿಡಿದಂತೆ. ಹೀನಾಧಿಕ ಮಾನೋನ್ಮಾನವೆಂಬ ಅತಿಚಾರಕ್ಕೆ ಅದು ದೂರದ್ದಲ್ಲ.

ಬೆಲೆ ಪೂರ್ತಿ ಸಂದರೂ ಏನೋ ಉಳಿಯುತ್ತದೆಂಬುದನ್ನು ನಮ್ಮ ದೇಶದ ಕಾನೂನೇ ಒಪ್ಪಿಕೊಂಡಿದೆ. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನಿನ ಪೇಟೆಯ ಬೆಲೆಯ ಮೇಲೆ ನೂರಕ್ಕೆ 15ರಂತೆ ಹೆಚ್ಚಿನ ಹಣ ಕೊಡಬೇಕೆಂಬ ವಿಧಿಯಿತ್ತು. ಸ್ವಾಧೀನವು ಬಲವಂತದ್ದಾದುದರಿಂದ ಎಂದು ಅದಕ್ಕೆ ಕಾರಣವನ್ನೂ ಕಾಯ್ದೆಯಲ್ಲಿ ಹೇಳಿತ್ತು. ಸೊಲೇಷಿಯಂ ಎಂದು ವಕೀಲರು ಕರೆಯುವ ಈ ಸಮಾಧಾನದ ಹಣ 1984ರ ತಿದ್ದುಪಡಿಯಿಂದ ನೂರಕ್ಕೆ 30 ಆಯಿತು; 2013ರ ಹೊಸ ಕಾಯ್ದೆಯಿಂದ ನೂರಕ್ಕೆ ನೂರಾಯಿತು. ಬೆಲೆಯೆಂಬುದು ನಿಜವಾಗಿ ಬೆಲೆಯಾಗಿದ್ದರೆ ಅದರ ಮೇಲೆ ಇನ್ನೊಂದು ಹಣದ ಅವಶ್ಯಕತೆ ಏನಿತ್ತು? ಕೊಡದಿದ್ದುದನ್ನು ತೆಗೆದುಕೊಂಡೆವೆಂಬ ಅರಿವಿಗೆ ಸರಕಾರ ಕಟ್ಟಿದ ದಂಡವದು. ಒಂದು ಶತಮಾನದಲ್ಲಿ 15ರಿಂದ 100ಕ್ಕೆ ಏರಿದ ಈ ಅಂಕಿಯನ್ನು ಲೆಕ್ಕಿಗರು ಖರ್ಚಿನ ಬಾಬತ್ತಾಗಿ ನೋಡುತ್ತಾರೆ. ಶ್ರಾವಕರು ಬೇರೆ ರೀತಿಯಲ್ಲಿ ನೋಡಬಹುದು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದಾಗ ಹೊಲಮನೆಗಳನ್ನು ಬಿಟ್ಟು ಎದ್ದವರ ಪರಿಹಾರದ ಕಾಗದಪತ್ರಗಳು ಕಚೇರಿಗಳಲ್ಲಿವೆ. ಆ ನೀರಿನಿಂದ ಎಷ್ಟೋ ಹೊಲಗಳು ಹಸಿರಾಗಿವೆ, ಅದು ಒಳ್ಳೆಯದೇ ಆಯಿತು. ಹಾಗೆಂದು ನೀರುಂಡವರು, ಎದ್ದವರು ಜಮೀನನ್ನು ದಾನ ಕೊಟ್ಟರೆಂದು ಭಾಷಣಗಳಲ್ಲಿ ಹೇಳುವಾಗ ಮಾತು ಸತ್ಯವ್ರತದ ಗೆರೆಯನ್ನು ದಾಟುತ್ತದೆ.

ಬೆಳಗಾವಿ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಬಂದರು ಮರ್ಮಗೋವೆ. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟದ ರೈಲುಮಾರ್ಗ ಪೂರ್ಣವಾದ ಮೇಲೆ ಈ ಸೀಮೆಯ ಸರಕು ಅಲ್ಲಿಗೆ ಇಳಿಯತೊಡಗಿತು. ತಟಸ್ಥತೆಯ ವಿಚಾರದಲ್ಲಿ ಆ ಬಂದರು ಎರಡು ಸಲ ಸಾಕ್ಷಿಯಾಗಿದೆ. 1914ರಲ್ಲಿ ಯುದ್ಧ ಆರಂಭವಾದಾಗ ಅನೇಕ ಜರ್ಮನ್ ಹಡಗುಗಳು ತಟಸ್ಥವಾಗಿದ್ದ ಪೋರ್ಚುಗಲ್ಲಿನ ಬಂದರುಗಳನ್ನು ಆಶ್ರಯಿಸಿದವು. ಮರ್ಮಗೋವೆಯಲ್ಲಿಯೂ ಕೆಲವು ನಿಂತವು. ಬ್ರಿಟನ್ನಿನ ಒತ್ತಾಯದಿಂದ 1916ರ ಫೆಬ್ರುವರಿ 23ರಂದು ಪೋರ್ಚುಗಲ್ ಲಿಸ್ಬನ್ನಿನಲ್ಲಿದ್ದ ಹಡಗುಗಳನ್ನು ಹಿಡಿಯಿತು, ಬಳಿಕ ತನ್ನ ಇತರ ಬಂದರುಗಳಲ್ಲಿದ್ದವನ್ನೂ ಹಿಡಿಯಿತು. ಮಾರ್ಚ್ 9ರಂದು ಜರ್ಮನಿ ಪೋರ್ಚುಗಲ್ಲಿನ ಮೇಲೆ ಯುದ್ಧ ಸಾರಿತು. ಇಲ್ಲಿ ತೆಗೆದುಕೊಂಡವನೇ ತಟಸ್ಥ, ತೆಗೆದುಕೊಂಡದ್ದು ಆಶ್ರಯಕ್ಕೆ ಬಂದವನದು. ನಂಬಿ ಇಟ್ಟುದನ್ನು ಅಪಹರಿಸುವ ನ್ಯಾಸಾಪಹಾರವನ್ನು ಶಾಸ್ತ್ರಕಾರರು ಅಚೌರ್ಯದಲ್ಲಿ ಸೇರಿಸದೆ ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ವಸ್ತುವಿಗಿಂತ ಮೊದಲು ಮಾತು ಕಳುವಾಗುತ್ತದೆಂಬ ಸೂಕ್ಷ್ಮ ಅದರಲ್ಲಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಗೋವೆ ಮತ್ತೆ ತಟಸ್ಥ ನೆಲವಾಗಿತ್ತು, ಜರ್ಮನ್ ಹಡಗುಗಳು ಮತ್ತೆ ಮರ್ಮಗೋವೆಯಲ್ಲಿ ನಿಂತಿದ್ದವು. ಅವುಗಳಲ್ಲಿ ಎಹ್ರೆನ್‌ಫೆಲ್ಸ್ ಎಂಬ ಹಡಗಿನಿಂದ ಗುಪ್ತವಾಗಿ ರೇಡಿಯೋ ಸಂದೇಶಗಳು ಹೋಗುತ್ತಿವೆಯೆಂದು ಬ್ರಿಟಿಷರು ನಂಬಿದ್ದರು. 1943ರ ಮಾರ್ಚ್ 9ರ ರಾತ್ರಿ ಕಲಕತ್ತೆಯ ಲೈಟ್ ಹಾರ್ಸ್ ದಳದವರು ಕೆಸರು ಸಾಗಿಸುವ ಹಳೆಯ ನಾವೆಯೊಂದರಲ್ಲಿ ಬಂದು ಆ ಹಡಗನ್ನೇರಿದರು. ಅವರಲ್ಲಿ ಹೆಚ್ಚಿನವರು ನಡುವಯಸ್ಸಿನ ವ್ಯಾಪಾರಿಗಳು, ಕಂಪನಿಗಳ ಅಧಿಕಾರಿಗಳು. ಕಾದಾಟದಲ್ಲಿ ಹಡಗಿನ ಕಪ್ತಾನನೂ ಕೆಲವರು ನಾವಿಕರೂ ಸತ್ತರು. ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದರು. 1978ರಲ್ಲಿ ಜೇಮ್ಸ್ ಲೀಸರ್ ಪುಸ್ತಕ ಬರೆಯುವವರೆಗೂ ವಿಷಯ ಗುಟ್ಟಾಗಿಯೇ ಉಳಿಯಿತು. ಪತ್ರವಿಲ್ಲ, ಗಡುವಿಲ್ಲ, ಬೆಲೆಯ ಮಾತಿಲ್ಲ. 1918ರ ಘೋಷಣೆ ಎಷ್ಟೇ ಬಲಾತ್ಕಾರದ್ದಾಗಿದ್ದರೂ ಅದರಿಂದ ಒಂದು ಖಾತೆ ತೆರೆಯಿತು, ಮುಂದೆ ಯಾರಾದರೂ ಆ ಖಾತೆಯನ್ನು ಚುಕ್ತಾ ಮಾಡಲು ಸಾಧ್ಯವಾಯಿತು. ಗುಟ್ಟಿನಲ್ಲಿ ನಡೆದುದಕ್ಕೆ ಖಾತೆಯೇ ಇಲ್ಲ.

ರಾಷ್ಟ್ರಗಳ ಈ ವಿಚಾರದಲ್ಲಿ ಬಸದಿಗಳ ಟ್ರಸ್ಟಿನವರಿಗೆ ಏನು ಕೆಲಸವೆಂದು ಕೇಳಬಹುದು. ಒಂದು ಊರಿನಲ್ಲಿ ಬಸದಿಗೆ ಹತ್ತಿದ ಮನೆ ಒಬ್ಬ ವಿಧವೆಯದೆಂದು ಇಟ್ಟುಕೊಳ್ಳೋಣ. ಮುನಿಸಂಘದ ಚಾತುರ್ಮಾಸಕ್ಕೆ ತ್ಯಾಗಿಭವನ ಕಟ್ಟಬೇಕು, ಬೇರೆ ಜಾಗವಿಲ್ಲ. ಪಂಚರು ಐವರೂ ಕೂಡಿ ಅವಳ ಮನೆಗೆ ಹೋಗುತ್ತಾರೆ. ಅವಳ ಮಗ ದುಡಿಯುವುದು ಆ ಐವರಲ್ಲೊಬ್ಬರ ಅಡತಿ ಅಂಗಡಿಯಲ್ಲಿ. ಪೇಟೆಯ ಬೆಲೆಗಿಂತ ಹೆಚ್ಚು ಕೊಡುವುದಾಗಿ ಹೇಳುತ್ತಾರೆ, ಹೇಳಿದಂತೆ ಕೊಡುತ್ತಾರೆ ಕೂಡ. "ಹಿರ್ಯಾರು ನೀವು ಇಷ್ಟು ಮಂದಿ ಬಂದ ಮ್ಯಾಲ ನಾ ಏನ್ ಹೇಳ್ಲಿರಿ" ಎಂದು ಅವಳು ಹೇಳುತ್ತಾಳೆ. ಠರಾವು ಪುಸ್ತಕದಲ್ಲಿ ಅವಳು ಸಂತೋಷದಿಂದ ಒಪ್ಪಿದಳೆಂದು ಬರೆಯಲಾಗುತ್ತದೆ. ಆ ಠರಾವಿನಲ್ಲಿ ಬೆಲೆ ಸರಿಯಾಗಿದೆ, ತಾರೀಖು ಸರಿಯಾಗಿದೆ, 'ಸಂತೋಷದಿಂದ' ಎಂಬ ಒಂದು ಪದ ಮಾತ್ರ ಅದತ್ತ. ಅವಳು ಹೇಳಿದ್ದು ಒಪ್ಪಿಗೆಯಲ್ಲ. ಒಪ್ಪದಿರುವ ದಾರಿ ಕಾಣಲಿಲ್ಲವೆಂಬ ವರದಿ. ಅವಳ ಸ್ಥಿತಿ 1918ರ ಹಾಲೆಂಡಿಗಿಂತ ಕಷ್ಟದ್ದು. ಹಾಲೆಂಡಿಗೆ ಪ್ರತಿಭಟನೆಯ ಪತ್ರ ಬರೆಯುವ ಸ್ವಾತಂತ್ರ್ಯವಾದರೂ ಇತ್ತು.

ಹಾಗಾದರೆ ಬಸದಿಗೆ ಜಾಗ ಬೇಡವೇ? ಬೇಕು, ಕೇಳಲೂಬಹುದು. ಆದರೆ ಐವರು ಹೋಗುವ ಬದಲು ಒಬ್ಬರು ಹೋಗಬಹುದು, ಆ ಒಬ್ಬರು ಅವಳ ಮಗನ ಸಾಹುಕಾರರಲ್ಲದವರಾಗಿರಬಹುದು. ಬೆಲೆಯನ್ನು ಊರಿನವರಲ್ಲದ ಯಾರಾದರೂ ಕಟ್ಟಬಹುದು. ಉತ್ತರಕ್ಕೆ ಒಂದು ವರ್ಷದ ಕಾಲ ಕೊಡಬಹುದು. ಅವಳು ಬೇಡವೆಂದರೆ ಆ ಬೇಡವನ್ನು ಅವಳ ಮಾತಿನಲ್ಲಿಯೇ ಠರಾವು ಪುಸ್ತಕದಲ್ಲಿ ಬರೆದಿಡಬಹುದು. ಮುಂದಿನ ಕಮಿಟಿಯವರು ಅದನ್ನೇ ಮತ್ತೆ ಕೇಳಲು ಹೋಗುವ ಮುನ್ನ ಓದಲಿ. ಪಂಚಕಲ್ಯಾಣ ಮಹೋತ್ಸವಗಳ ಸವಾಲಿನಲ್ಲಿ ಮಂಟಪದ ತುಂಬ ಜನ ನೋಡುತ್ತಿರುವಾಗ ಹೆಸರು ಹಿಡಿದು ಕೂಗಿ ಏರಿಸಿದ ಮೊತ್ತಗಳ ವಿಷಯವನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ವಸೂಲಾಗದೆ ಉಳಿದ ಬಾಕಿಯನ್ನು ನೋಡಿ ಟ್ರಸ್ಟಿನವರು ಬೇಸರಪಡುತ್ತಾರೆ. ಕೊಡದಿದ್ದುದನ್ನು ಜಮೆ ಎಂದು ಬರೆದುದರಿಂದಲೇ ಬಾಕಿ ಉಳಿದಿದೆ.

ಹಾಲೆಂಡಿನ ಹಡಗುಗಳಲ್ಲಿ ರೈನ್‌ಡಾಂ ಎಂಬುದೊಂದಿತ್ತು. ಅದು ರಾಟರ್‌ಡ್ಯಾಮಿನ ಕಂಪನಿಯೊಂದರ ಪ್ರಯಾಣಿಕರ ಹಡಗು. ವಶಪಡಿಸಿಕೊಂಡ ಮೇಲೆ ಅಮೆರಿಕದ ನೌಕಾಪಡೆಯು ಅದರಲ್ಲಿ ಸೈನಿಕರನ್ನು ಫ್ರಾನ್ಸಿಗೆ ಸಾಗಿಸಿತು. ಡಚ್ ಸರಕಾರ ಯಾವುದಾಗಬಾರದೆಂದು ಷರತ್ತು ಹಾಕಿತ್ತೋ ಅದೇ ನಡೆಯಿತು. 1919ರಲ್ಲಿ ಹಡಗು ಒಡೆಯರಿಗೆ ಮರಳಿತು. ಬಳಸಿದ ದಿನಗಳಿಗೆ ಬಾಡಿಗೆ ಕೊಡುವುದಾಗಿ ಮೊದಲೇ ಮಾತು ಕೊಟ್ಟಿದ್ದರಷ್ಟೆ. ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಬೇಡವೆಂದು ಹೇಳಿದವನು, ಬೇಡವಾದ ಕೆಲಸಕ್ಕೆ ಹಡಗು ಓಡಿದ ದಿನಗಳ ಬಾಡಿಗೆಯನ್ನು ತೆಗೆದುಕೊಳ್ಳಬಹುದೇ? ಹಡಗು ಸವೆದುದಕ್ಕೆ, ಮುಳುಗಿದುದಕ್ಕೆ ಪರಿಹಾರ ಪಡೆಯುವುದು ತನ್ನದನ್ನು ತಾನು ಮರಳಿ ಪಡೆದಂತೆ, ಅದರಲ್ಲಿ ದೋಷವಿಲ್ಲ. ಆದರೆ ಬಾಡಿಗೆಯಲ್ಲಿ ಲಾಭದ ಅಂಶವೂ ಇರುತ್ತದೆ, ಯುದ್ಧಕಾಲದ ದರದಲ್ಲಿ ಅದು ದೊಡ್ಡದೇ ಆಗಿರುತ್ತದೆ. ಆ ಅಂಶವನ್ನು ಸಂತೋಷದಿಂದ ಎಣಿಸಿಕೊಂಡ ಕ್ಷಣದಲ್ಲಿ ಹಿಂದಿನ ಬೇಡ ಕರಗಿ, ತಡವಾಗಿ ಬಂದ ಅನುಮೋದನೆಯಾಗುತ್ತದೆ. ಒಬ್ಬ ಶ್ರಾವಕನು ಅಂಥ ಹಡಗಿನ ಒಡೆಯನಾಗಿದ್ದು, ಆ ಲಾಭದ ಅಂಶವನ್ನು ಬೇರೆ ಮಾಡಿ, ತನಗೆ ಬೇಡವೆಂದು ಬಸದಿಯ ಜೀರ್ಣೋದ್ಧಾರಕ್ಕೆ ತಂದರೆ ಟ್ರಸ್ಟಿನವರು ಏನು ಮಾಡಬೇಕು? ನ್ಯಾಯದಿಂದ ಗಳಿಸಿದ ಧನವೇ ದಾನಕ್ಕೆ ಯೋಗ್ಯವೆಂದು ಶ್ರಾವಕಾಚಾರಗಳು ಒತ್ತಿ ಹೇಳಿವೆ. ಆ ಹಣ ಬಸದಿಯ ಕಲ್ಲಿಗೆ ಹೋಗುವುದು ಸಲ್ಲದು. ಆ ಹಡಗಿನಲ್ಲಿ ಹೋಗಿ ಮರಳದಿದ್ದವರ ಮಕ್ಕಳಿಗೆ ಹೋಗಲಿ ಎಂದು, ಪಾವತಿ ಹರಿಯದೆ, ನಮಸ್ಕರಿಸಿ ಹಿಂದಕ್ಕೆ ಕೊಡುವುದು ಟ್ರಸ್ಟಿನವರಿಗೆ ಉಚಿತವಾದೀತು.